ಹೊಗೆ ಹಿಡಿಯದ ಗೋಡೆ

ಮೇಷ್ಟ್ರ ವೈಕುಂಠ ಸಮಾರಾಧನೆ ಮುಗಿದ ಮುಂದಿನ ಭಾನುವಾರ ಯಲಹಂಕದ ಶಾಲೆಯಲ್ಲಿ ಒಂದು ಸಭೆ ಇಟ್ಟುಕೊಂಡಿದ್ದರು. ಹಳೆಯ ಶಿಷ್ಯನೆಂದು ನನ್ನನ್ನೂ ಕರೆದಿದ್ದರು. ಮೇಜಿನ ಮೇಲೆ ಅವರ ಫೋಟೋ, ಅದರ ಪಕ್ಕದಲ್ಲಿ ಕಟ್ಟು ಹಾಕಿಸಿದ ಅವರ ಮನೆಯ ನಕ್ಷೆ, ಎರಡಕ್ಕೂ ಒಂದೇ ಅಳತೆಯ ಸುಗಂಧರಾಜದ ಹಾರ. ಆ ನಕ್ಷೆ ಬರೆದವನು ನಾನು. ಹಳೆಯದನ್ನು ಹೇಗೆ ಉಳಿಸಬೇಕೆಂದು ನಮಗೆ ಕಲಿಸಿದವರು ಅವರು ಎಂದು ಐದು ನಿಮಿಷ ಮಾತಾಡಿದೆ. ಮುಂದಿನ ಸಾಲಿನವರು ತಲೆದೂಗಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಹೇಳದೆ ನುಂಗಿಕೊಂಡಿದ್ದು ಒಂದು ಕಿಟಕಿಯ ವಿಷಯ. ಅದನ್ನು ಇಲ್ಲಿ ಬರೆಯುತ್ತೇನೆ. ಅವರ ಹೆಸರು ಹಾಕುವುದಿಲ್ಲ. ಯಲಹಂಕದವರಿಗೆ ಅದು ಬೇಕಾಗಿಲ್ಲ, ಬೇರೆಯವರು ತಿಳಿದುಕೊಂಡು ಆಗಬೇಕಾದ್ದೂ ಏನಿಲ್ಲ.

ಅವರು ನಮಗೆ ಡ್ರಾಯಿಂಗ್ ಮೇಷ್ಟ್ರು. ಸಣ್ಣ ಆಳು, ಕಪ್ಪು ಕೋಟು, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್, ಒಂದು ಗಟ್ಟಿಯದು, ಒಂದು ಮೆದುವಿನದು. ಹುಡುಗರನ್ನು ಬಯ್ಯುವಾಗಲೂ ದನಿ ಏರಿಸಿದವರಲ್ಲ. "ಏನೋ ಇದು, ಗೆರೆನೋ ಎರೆಹುಳಾನೋ?" ಎಂದು ಮೆಲ್ಲಗೆ ಕೇಳಿ ಹಾಳೆ ವಾಪಸು ಕೊಡುತ್ತಿದ್ದರು. ನನ್ನ ಹಾಳೆಗಳನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಷ್ಟಕ್ಕೇ ನಾನು ಅವರ ಭಕ್ತನಾಗಿಬಿಟ್ಟೆ. ಮುಂದೆ ಯಶವಂತಪುರದಲ್ಲಿ ಕಂಟ್ರಾಕ್ಟರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ಅವರು ಬರೆದುಕೊಟ್ಟ ಒಂದು ಕಾಗದದಿಂದ. ಅವರ ಅನ್ನದ ಋಣ ನನ್ನ ಮೇಲಿದೆ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಹೇಡಿತನ.

ಅವರ ಮನೆ ಹಳೇ ಪೇಟೆ ಬೀದಿಯಲ್ಲಿತ್ತು. ಆ ಬೀದಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತವು. ಮುಂದೆ ಅಗಲ ಕಡಿಮೆ, ಒಳಗೆ ಉದ್ದ ಜಾಸ್ತಿ. ಜಗಲಿ, ನಡುಮನೆ, ತೊಟ್ಟಿ, ಅದರ ಹಿಂದೆ ದೇವರ ಮನೆ, ಎಲ್ಲಕ್ಕಿಂತ ಹಿಂದೆ ಅಡಿಗೆಮನೆ. ತೊಟ್ಟಿಯ ನಾಲ್ಕು ಕಂಬಗಳ ತಲೆಯಲ್ಲಿ ಬಾಳೆಮೊಗ್ಗಿನ ಕೆತ್ತನೆ. ಮೇಲೆ ತೊಲೆ, ಜಂತೆ, ಗಾರೆಯ ತಾರಸಿ. ಅವರ ತಾತ ಕಟ್ಟಿಸಿದ್ದು. ಐವತ್ತರ ದಶಕದ ಕೊನೆಯ ಹೊತ್ತಿಗೆ ಆ ಬೀದಿಯವರಿಗೆಲ್ಲ ಸಿಮೆಂಟಿನ ಹುಚ್ಚು ಹಿಡಿದಿತ್ತು. ಜಗಲಿ ಒಡೆದು ಕಾಂಪೌಂಡು ಹಾಕುವವರು, ಕಂಬ ಕಿತ್ತು ಸೌದೆಗೆ ಮಾರುವವರು, ಮೊಸಾಯಿಕ್ ಹಾಕಿಸಿ ಬೀದಿಯವರನ್ನೆಲ್ಲ ಕರೆದು ತೋರಿಸುವವರು. ಮೇಷ್ಟ್ರು ಒಬ್ಬರೇ ಹಟ ಹಿಡಿದರು. ತಾರಸಿ ಸೋರುತ್ತಿತ್ತು, ಗೋಡೆಗಳಲ್ಲಿ ಅಲ್ಲಲ್ಲಿ ಗಾರೆ ಉಬ್ಬಿತ್ತು. ಒಂದು ಚೀಲ ಸಿಮೆಂಟೂ ಒಳಗೆ ಬರಕೂಡದು, ಕಟ್ಟಿದಾಗ ಹೇಗಿತ್ತೋ ಹಾಗೇ ಸರಿ ಮಾಡಿಸುತ್ತೇನೆ ಎಂದರು.

ಅದಕ್ಕಾಗಿ ಹತ್ತಿರದ ಸಿಂಗಾಪುರ ಹಳ್ಳಿಯ ಕಡೆಯಿಂದ ಒಬ್ಬ ಗಾರೆ ಮೇಸ್ತ್ರಿಯನ್ನು ಹುಡುಕಿ ಕರೆತಂದರು. ಐವತ್ತು ದಾಟಿದವನು, ಸುಣ್ಣದಲ್ಲಿ ಸವೆದು ಸವೆದು ಬೆರಳ ತುದಿಗಳು ನುಣ್ಣಗಾಗಿದ್ದವು. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣದ ಕಲ್ಲಿಗೆ ನೀರು ಹೊಯ್ದು ಬೇಯಲು ಬಿಟ್ಟ. ಅಳಲೆಕಾಯಿ ನೆನೆಹಾಕಿದ ನೀರು, ಬೆಲ್ಲದ ನೀರು, ಮರಳು ಎಲ್ಲ ಸೇರಿಸಿ ಎತ್ತಿನ ಗಾಣದಲ್ಲಿ ಅರೆಸಿದ. ಮೇಷ್ಟ್ರು ಶಾಲೆಯಿಂದ ಬಂದವರೇ ಕೋಟನ್ನೂ ಬಿಚ್ಚದೆ ಗುಂಡಿಯ ಹತ್ತಿರ ಹೋಗಿ ಒಂದು ಬೆರಳು ಅದ್ದಿ ಮೂಸುತ್ತಿದ್ದರು. "ಇನ್ನೂ ಎಂಟು ದಿನ ಬೇಕು ಕಣೋ," ಎನ್ನುತ್ತಿದ್ದರು. ಮೇಸ್ತ್ರಿ ತಲೆಯಾಡಿಸುತ್ತಿದ್ದ. ಒಬ್ಬರ ಕೆಲಸದ ಮೇಲೆ ಒಬ್ಬರಿಗೆ ಗೌರವವಿತ್ತು. ನೋಡಲು ಚೆನ್ನಾಗಿರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರಗಳಲ್ಲಿ ನಾನು ಹೆಬ್ಬಾಳದ ಕೆರೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಕೆಲಸ ಶುರುವಾಗುವ ಮೊದಲು, ಮುಗಿದ ಮೇಲೆ, ಎರಡು ಸಲ ಮನೆಯ ನಕ್ಷೆ ಆಗಬೇಕು, ಎರಡೂ ಒಂದರ ಮೇಲೊಂದು ಇಟ್ಟರೆ ಕೂದಲೆಳೆ ವ್ಯತ್ಯಾಸ ಇರಕೂಡದು ಎಂದು ಅವರ ಆಸೆ. ಬಾಳೆಮೊಗ್ಗಿನ ಕೆತ್ತನೆಯನ್ನು ನನ್ನಿಂದ ಒಂಬತ್ತು ಸಲ ಬರೆಸಿದರು. ತಾರಸಿಯಿಂದ ಬಿಚ್ಚಿದ ಇಟ್ಟಿಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ತೊಟ್ಟಿಯಲ್ಲಿ ಸಾಲಾಗಿ ಜೋಡಿಸಿದ್ದರು, ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಎಲೆಕ್ಟ್ರಿಕ್ ದೀಪ ಬಂದಾಗ ಕಂಬಕ್ಕೆ ಮೊಳೆ ಹೊಡೆಯಲು ಬಿಡದೆ ನಡುಮನೆಗೆ ಒಂದೇ ಬಲ್ಬು ಹಾಕಿಸಿಕೊಂಡರು. "ಹಳೇದನ್ನ ಮುಟ್ಟೋಕೆ ಮುಂಚೆ ಕೈ ತೊಳ್ಕೊಳೋ," ಎನ್ನುವುದು ಅವರ ಮಾತು. ಅಳತೆಯ ಟೇಪು ಹಿಡಿಯುವ ಮೊದಲು ನನ್ನ ಕೈಯನ್ನು ನಿಜವಾಗಿಯೂ ತೊಳೆಸುತ್ತಿದ್ದರು.

ಕೈಗೆ ನೀರು ಹಾಕುತ್ತಿದ್ದವರು ಅವರ ಹೆಂಡತಿ. ನಾನು ಅಮ್ಮ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಆಕೆಯನ್ನು ನೆನೆಸಿಕೊಂಡರೆ ಮೊದಲು ನೆನಪಾಗುವುದು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುವುದು. ಅಳುತ್ತಿದ್ದಾರೆಂದು ಹೊಸಬರು ತಿಳಿಯುತ್ತಿದ್ದರು. ಅದು ಹೊಗೆ. ಆ ಅಡಿಗೆಮನೆಗೆ ತೊಟ್ಟಿಯ ಕಡೆ ಒಂದು ಬಾಗಿಲು, ಸೂರಿನ ಕೆಳಗೆ ಅಂಗೈ ಅಗಲದ ಒಂದು ಗವಾಕ್ಷಿ, ಅಷ್ಟು ಬಿಟ್ಟರೆ ನಾಲ್ಕೂ ಕಡೆ ಗೋಡೆ. ಮಟಮಟ ಮಧ್ಯಾಹ್ನವೂ ಚಿಮಣಿ ದೀಪ ಹಚ್ಚಿಕೊಂಡು ಅಕ್ಕಿ ಆರಿಸಬೇಕು. ಗೋಡೆಗಳು ಹೊಗೆ ಕುಡಿದು ಹಂಚಿನ ತಳದ ಬಣ್ಣಕ್ಕೆ ತಿರುಗಿದ್ದವು. ಸೌದೆ ಹಸಿಯಿದ್ದ ದಿನ ಆಕೆಯ ಕೆಮ್ಮು ಜಗಲಿಯವರೆಗೂ ಕೇಳುತ್ತಿತ್ತು.

ಮನೆ ರಿಪೇರಿ ಎಂದು ಗೊತ್ತಾದ ದಿನ ಅಮ್ಮ ಕೇಳಿಕೊಂಡದ್ದು ಒಂದೇ. ನನ್ನೆದುರಿಗೇ ಕೇಳಿದರು.

"ಹೇಗೂ ಮೇಸ್ತ್ರಿ ಬರ್ತಾನಲ್ಲ, ಅಡಿಗೆಮನೆಗೆ ಒಂದು ಕಿಟಕಿ ಇಡ್ಸಿಬಿಡಿ."

"ಇಲ್ಲದ್ದನ್ನ ತಂದು ತುರುಕೋಕೆ ಇದು ಹೊಸ ಬಡಾವಣೆ ಮನೆಯಲ್ಲ," ಎಂದರು ಮೇಷ್ಟ್ರು. ಅದೇ ಮೆತ್ತನೆಯ ದನಿ. "ಮನೆಯ ಲಕ್ಷಣ ಕೆಡುತ್ತೆ."

ನನಗೆ ಆಗ ಅವರ ಮಾತೇ ಸರಿ ಎನ್ನಿಸಿತು. ಇಪ್ಪತ್ತಮೂರರ ವಯಸ್ಸು, ಲಕ್ಷಣ ಎಂಬ ಪದ ಕೇಳಿದರೆ ಸಾಕು, ಮೈಮೇಲೆ ಬರುತ್ತಿತ್ತು.

ಆಮೇಲೆ ಪರೀಕ್ಷೆಗಳು ಬಂದವು. ಮೇಷ್ಟ್ರು ಮೇಲ್ವಿಚಾರಣೆಗೆಂದು ದೊಡ್ಡಬಳ್ಳಾಪುರಕ್ಕೆ ಹೋದರು, ಮೂರು ದಿನ ಅಲ್ಲೇ. ಅಡಿಗೆಮನೆಯ ಪೂರ್ವದ ಗೋಡೆಯಲ್ಲಿ ಉಬ್ಬಿದ ಗಾರೆ ತೆಗೆದಿಡು ಎಂದು ಮೇಸ್ತ್ರಿಗೆ ಹೇಳಿ ಹೋಗಿದ್ದರು. ಅವನು ಕರಣೆಯ ಹಿಡಿಯಿಂದ ಗೋಡೆ ತಟ್ಟಿ ನೋಡಿದ. ಒಂದು ಕಡೆ ಪೊಳ್ಳು ಸದ್ದು. ಗಾರೆ ಕಿತ್ತ. ಒಳಗೆ ಇಟ್ಟಿಗೆಯ ಕಮಾನು, ಕಮಾನಿನ ಕೆಳಗೆ ಬರೀ ಕೆಸರುಮಣ್ಣಿನಲ್ಲಿ ಅಡಕಿದ ಇಟ್ಟಿಗೆ. ಎರಡು ಎಳೆದನಂತೆ, ಉಳಿದವು ತಾವೇ ಉದುರಿದವು. ನಾನು ಭಾನುವಾರ ಹೋದಾಗ ಅಮ್ಮ ಬಾಗಿಲಲ್ಲೇ ತಡೆದು, "ಬಾ ಬಾ, ಒಳಗೆ ಬಂದು ನೋಡು," ಎಂದು ನೇರವಾಗಿ ಅಡಿಗೆಮನೆಗೆ ಕರೆದುಕೊಂಡು ಹೋದರು.

ಗೋಡೆಯಲ್ಲಿ ಎರಡಡಿ ಅಗಲ, ಮೂರಡಿ ಎತ್ತರದ ಕಿಟಕಿ. ಆಚೆ ಪಕ್ಕದ ಮನೆಯ ಹಿತ್ತಲು, ಒಂದು ನುಗ್ಗೆಮರ. ಬಿಸಿಲು ಒಲೆಯವರೆಗೂ ಬಂದಿತ್ತು.

"ಅಳೇ ಕಿಟ್ಕಿ ಸ್ವಾಮಿ," ಎಂದ ಮೇಸ್ತ್ರಿ. "ಮನೆ ಕಟ್ಟಿದಾಗ್ಲೇ ಇಟ್ಟಿರೋದು. ಕಮಾನು ಗೋಡೆ ಜೊತೆಗೇ ಎದ್ದೈತೆ, ನೋಡಿ ಬೇಕಾರೆ. ಮುಚ್ಚಿರೋದು ಆಮ್ಯಾಕೆ."

ಅಮ್ಮ ತಂಬಿಗೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು. "ಇದರ ಮೇಲೆ ಹೂವಿನ ಬಳ್ಳಿ ಇದೆ ಅಂತ ನನಗೆ ಇವತ್ತು ಗೊತ್ತಾಯ್ತು ನೋಡಪ್ಪ. ಮದುವೇಲಿ ಕೊಟ್ಟ ತಂಬಿಗೆ."

ಮೇಷ್ಟ್ರಿಗೆ ಎಷ್ಟು ಖುಷಿಯಾಗಬಹುದೆಂದು ನನಗೋ ಎಲ್ಲಿಲ್ಲದ ಉತ್ಸಾಹ. ಕಟ್ಟಿದಾಗ ಹೇಗಿತ್ತೋ ಹಾಗೇ ಬೇಕು ಎಂದವರಿಗೆ ಕಟ್ಟಿದಾಗಿನ ಕಿಟಕಿಯೇ ಸಿಕ್ಕಿದೆ. ಅಳತೆ ತೆಗೆದು, ಎರಡನೆಯ ನಕ್ಷೆಯ ಟ್ರೇಸಿಂಗ್ ಬಟ್ಟೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಕಿಟಕಿಯನ್ನು ಅಲ್ಲೇ ಕೂತು ಬರೆದುಬಿಟ್ಟೆ.

ಸಂಜೆಯ ರೈಲಿಗೆ ಮೇಷ್ಟ್ರು ಬಂದರು. ಅಡಿಗೆಮನೆಯ ಹೊಸಿಲ ಮೇಲೆ ನಿಂತು ನೋಡಿದರು. ಆಶ್ಚರ್ಯವೇ ಪಡಲಿಲ್ಲ.

"ಮುಚ್ಚು," ಎಂದರು ಮೇಸ್ತ್ರಿಗೆ.

"ಸಾರ್, ಇದು ತಾತನ ಕಾಲದ್ದು," ಎಂದೆ ನಾನು.

"ಗೊತ್ತು. ನಮ್ಮಪ್ಪ ಮುಚ್ಚಿಸಿದ್ದು. ಪಾಲಾದಾಗ ಆ ಕಡೆ ಮನೆ ಚಿಕ್ಕಪ್ಪನಿಗೆ ಹೋಯ್ತು, ಜಗಳ ಆಯ್ತು, ಅವರ ಮುಖ ನೋಡಬಾರದು ಅಂತ ಮುಚ್ಚಿಸಿದ್ರು."

"ಈಗ ಆ ಮನೆ ಬೇರೆಯವರದಲ್ವಾ ಸಾರ್? ನಿಮ್ಮ ಚಿಕ್ಕಪ್ಪನವರು ಮಾರಿ ಹೋಗಿ ಎಷ್ಟೋ ವರ್ಷ ಆಯ್ತಲ್ಲ."

"ನಾನು ಹುಟ್ಟಿ ಬೆಳೆದ ಮನೇಲಿ ಇದು ಇರ್ಲಿಲ್ಲ ಕಣೋ. ನಮ್ಮಮ್ಮ ನಲವತ್ತು ವರ್ಷ ಇದೇ ಗೋಡೆ ಮುಂದೆ ಕೂತು ಬೇಯ್ಸಿ ಹಾಕಿದ್ರು. ಒಂದಿನಾನೂ ಬೆಳಕು ಬೇಕು ಅಂದವರಲ್ಲ."

"ಕೇಳಿದ್ರೆ ಕೊಡ್ತಿದ್ರಾ?" ಎಂದರು ಅಮ್ಮ ಒಲೆಯ ಮುಂದಿನಿಂದ. ಮೇಷ್ಟ್ರಿಗೆ ಕೇಳಿಸಿತು. ಕೇಳಿಸದವರಂತೆ ಕೋಟು ಬಿಚ್ಚಲು ಹೋದರು.

ಇಷ್ಟು ದಿನ ಅವರು ಉಳಿಸುತ್ತಿದ್ದದ್ದು ತಾತನ ಮನೆಯಲ್ಲ, ಅಪ್ಪನ ಜಗಳ ಎಂದು ನನಗೆ ಅವತ್ತು ಗೊತ್ತಾಯಿತು. ಗೊತ್ತಾಗಿ ನಾನು ಮಾಡಿದ್ದೇನು? ಬ್ಲೇಡು ತೆಗೆದುಕೊಂಡು ಬಟ್ಟೆಯ ಮೇಲಿನ ಕಿಟಕಿಯನ್ನು ಹೆರೆದು ಹಾಕಿದೆ. ಟ್ರೇಸಿಂಗ್ ಬಟ್ಟೆಯ ಮೇಲಿನ ಇಂಕು ಅಳಿಸುವ ವಸ್ತುವಲ್ಲ, ಹೆರೆದೇ ತೆಗೆಯಬೇಕು. ಹೆರೆದ ಜಾಗದ ನುಣುಪು ಹೋಗುತ್ತದೆ, ಮತ್ತೆ ಗೆರೆ ಎಳೆದರೆ ಮಸಿ ಸ್ವಲ್ಪ ಹರಡುತ್ತದೆ. ಹರಡಿದರೂ ಎಳೆದೆ. ಗೋಡೆ ಗಟ್ಟಿಯಾಯಿತು. "ಭೇಷ್," ಎಂದರು ಮೇಷ್ಟ್ರು.

ಮೇಸ್ತ್ರಿ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು ಕಿಟಕಿ ಮುಚ್ಚಿ ಗಾರೆ ಬಳಿದ. ಕಪ್ಪು ಗೋಡೆಯ ನಡುವೆ ಹೊಸ ಗಾರೆಯ ಚೌಕ ಬೆಳ್ಳಗೆ ಎದ್ದು ಕಾಣುತ್ತಿತ್ತು. ಮೇಷ್ಟ್ರಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಆದರೆ ಸಮಾಧಾನವನ್ನೂ ಅವರೇ ಕಂಡುಕೊಂಡರು.

"ಆರು ತಿಂಗಳು ಹೊಗೆ ಬೀಳ್ಲಿ, ಹೊಂದ್ಕೊಳ್ಳುತ್ತೆ," ಎಂದರು ನನಗೆ.

ಆ ಹೊಗೆ ಯಾರ ಎದೆಯ ಮೂಲಕ ಹೋಗಿ ಗೋಡೆಗೆ ಅಂಟಬೇಕು ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಎರಡು ನಕ್ಷೆಗಳಲ್ಲಿ ಕೊನೆಯದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ, ಆ ಒಂದೇ ಬಲ್ಬಿನ ಕೆಳಗೆ ತೂಗುಹಾಕಿದರು. ಒಂದು ಮಧ್ಯಾಹ್ನ ಅವರು ಇಲ್ಲದಾಗ ಅಮ್ಮ ಅದರ ಮುಂದೆ ನಿಂತು ನನ್ನನ್ನು ಕೇಳಿದರು:

"ಇದರಲ್ಲಿ ನನ್ನ ಅಡಿಗೆಮನೆ ಎಲ್ಲಪ್ಪ?"

ತೋರಿಸಿದೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಗಲೇ ಅವರ ಕಣ್ಣು ಮಂಜಾಗಿತ್ತು.

"ಇಲ್ಲಿ ಮಾತ್ರ ಯಾಕೆ ಮಸಿ ಹರಡಿದೆ?"

"ಕೈ ಜಾರ್ತು ಅಮ್ಮ," ಎಂದೆ.

"ಹೂಂ," ಎಂದರು. ಆಮೇಲೆ ಕಾಫಿ ತಂದುಕೊಟ್ಟರು.

ಆರು ತಿಂಗಳಾಯಿತು, ವರ್ಷವಾಯಿತು, ಎರಡಾಯಿತು. ಚೌಕ ಕಪ್ಪಾಗಲಿಲ್ಲ. ಸುತ್ತಲಿನ ಗೋಡೆಯೆಲ್ಲ ಒಂದು ಬಣ್ಣ, ಅದೊಂದೇ ಮಾಸಲು ಬಿಳುಪು. ಮೇಷ್ಟ್ರು ದೀಪ ಹಿಡಿದು ನೋಡುತ್ತಿದ್ದರು, ಬೆರಳಲ್ಲಿ ಉಜ್ಜಿ ಮೂಸುತ್ತಿದ್ದರು, ಅರ್ಥವಾಗದೆ ತಲೆ ಕೆರೆದುಕೊಳ್ಳುತ್ತಿದ್ದರು.

ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಕಚೇರಿಯ ಕೆಲಸಕ್ಕೆ ಯಲಹಂಕಕ್ಕೆ ಹೋಗಿದ್ದವನು ವಾರದ ದಿನವೇ ಅವರ ಮನೆಗೆ ಹೊಕ್ಕೆ. ಅಮ್ಮ ಅಡಿಗೆಮನೆಯಲ್ಲಿ ಮಣೆಯ ಮೇಲೆ ನಿಂತು, ಒದ್ದೆ ಬಟ್ಟೆಯಲ್ಲಿ ಆ ಚೌಕವನ್ನು ಒರೆಸುತ್ತಿದ್ದರು. ಮೇಲಿನಿಂದ ಕೆಳಕ್ಕೆ, ಮೂಲೆಮೂಲೆಗೂ ಬೆರಳಿಟ್ಟು, ಕಿಟಕಿಯ ಅಳತೆ ಎಷ್ಟಿತ್ತೋ ಅಷ್ಟೇ, ಒಂದು ಅಂಗುಲ ಆಚೆಗಿಲ್ಲ. ನನ್ನನ್ನು ಕಂಡು ಮಣೆಯಿಂದ ಇಳಿದರು. ಗಾಬರಿಯೇನೂ ಪಡಲಿಲ್ಲ.

"ದಿನಾ ಊಟ ಆದ್ಮೇಲೆ," ಎಂದರು. "ಅವರಿಗೆ ಹೇಳ್ಬೇಡ."

ಹೇಳಲಿಲ್ಲ. ಅದೊಂದು ಮಾತನ್ನು ಉಳಿಸಿಕೊಂಡದ್ದೇ ನನ್ನ ಪೌರುಷ. ಅದರಿಂದಲೂ ಒಬ್ಬನ ಹೊಟ್ಟೆಯ ಮೇಲೆ ಕಲ್ಲು ಬಿತ್ತು.

ಅಷ್ಟರಲ್ಲಿ ಮನೆಯ ಹೆಸರು ಹಬ್ಬಿತ್ತು. ಸಿಟಿಯಿಂದ ನಾಲ್ಕು ಜನ ದೊಡ್ಡವರು ಕಾರಿನಲ್ಲಿ ಬಂದರು, ಹಳೆಯ ಕಟ್ಟಡಗಳ ಮೇಲೆ ಆಸಕ್ತಿಯಿದ್ದವರು. ಕಂಬ ಸವರಿದರು, ತಾರಸಿ ನೋಡಿ ಬೆರಗಾದರು, ನಕ್ಷೆಯ ಮುಂದೆ ನಿಂತು ನನ್ನ ಬೆನ್ನು ತಟ್ಟಿದರು. ಅವರಲ್ಲೊಬ್ಬರು ಅಡಿಗೆಮನೆಗೆ ಇಣುಕಿ, "ಅದೇನ್ರೀ ಮೇಷ್ಟ್ರೇ, ಅಲ್ಲೊಂದು ತೇಪೆ?" ಎಂದರು. ಮೇಷ್ಟ್ರ ಮುಖ ಸಣ್ಣಗಾಯಿತು. ಕಾರು ಹೋದದ್ದೇ ತಡ, ಮೇಸ್ತ್ರಿಗೆ ಹೇಳಿಕಳಿಸಿದರು.

ಅವನು ಬಂದ. ಅಡಿಗೆಮನೆಯಲ್ಲಿ ನಾವು ನಾಲ್ವರೂ ಇದ್ದೆವು. ಅಮ್ಮ ಅನ್ನ ಬಸಿಯುತ್ತಿದ್ದರು. ಮೇಸ್ತ್ರಿ ಕೈ ತೊಳೆದು ಬಂದು ಗೋಡೆಯ ಮೇಲೆ ಅಂಗೈ ಇಟ್ಟ. ಚೌಕದ ಅಂಚಿನಲ್ಲಿ ಒರೆಸಿದ ಗೀರುಗಳಿದ್ದವು, ನನಗೇ ಕಾಣುತ್ತಿದ್ದವು, ಅವನಿಗೆ ಕಾಣದೆ ಇರುತ್ತವೆಯೇ. ಗೂಟಕ್ಕೆ ಸಿಕ್ಕಿಸಿದ್ದ ಒದ್ದೆ ಬಟ್ಟೆ ನೋಡಿದ. ಅಮ್ಮನನ್ನು ನೋಡಿದ. ಅಮ್ಮ ತಲೆ ಎತ್ತಲಿಲ್ಲ, ಗಂಜಿ ಬಸಿಯುತ್ತಲೇ ಇದ್ದರು.

"ಸುಣ್ಣ ಸರ್ಯಾಗಿ ಬೆಂದಿರ್ನಿಲ್ಲ ಸ್ವಾಮಿ, ಅದ್ಕೇ ಕಪ್ಪಾಗ್ತಿಲ್ಲ," ಎಂದ ಮೇಸ್ತ್ರಿ. "ನಂದೇ ತಪ್ಪು."

"ನಾನು ಮೂಸಿ ನೋಡಿದ್ದೆನಲ್ಲೋ," ಎಂದರು ಮೇಷ್ಟ್ರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಕೊನೇ ಗೋಡೆಗೆ ಬಂದಾಗ ಅರೆಬೆಂದದ್ದು ಹಾಕಿ ಹೋದೆಯೇನೋ, ಮನೆಹಾಳ."

ನಾನು ಅಲ್ಲೇ ನಿಂತಿದ್ದೆ. ಗೊತ್ತಿದ್ದೂ ನಿಂತಿದ್ದೆ. ಮೇಸ್ತ್ರಿ ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಬೀದಿಯಲ್ಲಿ, ಶಾಲೆಯಲ್ಲಿ, ಗಾರೆ ಕೆಲಸದ ಬಗ್ಗೆ ಸಲಹೆ ಕೇಳಿ ಬಂದವರ ಹತ್ತಿರವೆಲ್ಲ, ಅವನ ಸುಣ್ಣ ನಂಬಬೇಡಿ ಎಂದರು. ಗಾರೆ ಮಾಡಿಸುವವರು ಉಳಿದಿದ್ದೇ ನಾಲ್ಕಾರು ಮನೆಯವರು, ಅವರೂ ಅವನನ್ನು ಕರೆಯುವುದನ್ನು ಬಿಟ್ಟರು. ಎರಡು ವರ್ಷದ ಮೇಲೆ ಹೆಬ್ಬಾಳದ ಈಚೆ ಹೊಸ ಕಟ್ಟಡವೊಂದರ ಹತ್ತಿರ ಸಿಮೆಂಟ್ ಬಾಂಡಲಿ ಹೊರುವವರ ಸಾಲಿನಲ್ಲಿ ಅವನನ್ನು ಕಂಡೆ. ಸೈಕಲ್ ನಿಲ್ಲಿಸಿ ಕೇಳಿದೆ:

"ಯಾಕೆ ಮೇಸ್ತ್ರಿ ಅವತ್ತು ಹಾಗೆ ಒಪ್ಕೊಂಡ್ರಿ? ನಿಮಗೆ ಗೊತ್ತಾಗಿತ್ತಲ್ಲ."

"ಏಳಿದ್ರೆ ಆಯಮ್ಮನ್ ಕೈಲಿದ್ದ ಬಟ್ಟೆನೂ ಕಿತ್ಕೊಳ್ಳೋರು," ಎಂದ. ಬಾಂಡಲಿಗೆ ಕೈ ಹಾಕುತ್ತ, "ಮುಚ್ಚಿದೋನು ನಾನೇ ಅಲ್ವಾ ಸ್ವಾಮಿ," ಎಂದ. ಬಾಂಡಲಿ ತಲೆಯ ಮೇಲಿಟ್ಟುಕೊಂಡು ಹೋದ.

ಅಮ್ಮ ತೀರಿಕೊಂಡದ್ದು ಉಬ್ಬಸದಿಂದ. ಕೊನೆಯ ತಿಂಗಳಲ್ಲಿ ಅವರಿಗೆ ತಂಬಿಗೆಯ ಹೂವಿರಲಿ, ತಂಬಿಗೆಯೇ ಕಾಣುತ್ತಿರಲಿಲ್ಲ. ಆದರೂ ಊಟದ ಮೇಲೆ ಗೋಡೆ ತಡವಿಕೊಂಡು ಹೋಗಿ ಒರೆಸುತ್ತಿದ್ದರಂತೆ. ಇದನ್ನು ಹೇಳಿದವಳು ನೀರು ಸೇದಿಕೊಡಲು ಬರುತ್ತಿದ್ದ ಹೆಂಗಸು. ಮೇಷ್ಟ್ರು ಅತ್ತರು. ಅದನ್ನೂ ಹೇಳಬೇಕು. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗ್ಗೆ ಎದ್ದು ಆಕೆಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದರು, ಔಷಧಿಗೆಂದು ಸಿಟಿಗೆಲ್ಲ ಅಲೆದಿದ್ದರು. ಗೋಡೆಯಿಂದ ಒಂದೇ ಒಂದು ಚೌಕ ತೆಗೆಯಲು ಮಾತ್ರ ಅವರ ಕೈ ಬರಲಿಲ್ಲ.

ಆಮೇಲೆ ಅವರೇ ಅಡಿಗೆ ಮಾಡಿಕೊಳ್ಳತೊಡಗಿದರು. ಅದೇ ಒಲೆ, ಅದೇ ಚಿಮಣಿ ದೀಪ. ಒಂದು ವರ್ಷ ನಾನು ಆ ಕಡೆ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಒಂದು ದಿನ ಕಾರ್ಡು ಬಂತು. ತೋರಿಸಬೇಕಾದ್ದು ಒಂದಿದೆ, ಬಾ ಎಂದಿತ್ತು.

ಹೋದೆ. ಕೃಶವಾಗಿದ್ದರು. ಕಣ್ಣಂಚು ಕೆಂಪಾಗಿತ್ತು, ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದರು. ಕೆಮ್ಮುತ್ತಲೇ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ದೀಪ ಎತ್ತಿ ಹಿಡಿದರು. ಗೋಡೆಯೆಲ್ಲ ಒಂದೇ ಬಣ್ಣವಾಗಿತ್ತು. ಚೌಕ ಎಲ್ಲಿತ್ತೆಂದು ನನಗೂ ತಕ್ಷಣ ಗೊತ್ತಾಗಲಿಲ್ಲ.

"ನೋಡೋ," ಎಂದರು. "ಕೊನೆಗೂ ಹೊಂದ್ಕೊಂತು."

ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ಕಂಡೇ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಇಲ್ಲದ ಧೈರ್ಯ ಎಲ್ಲಿಂದ ಬಂತೋ.

"ಅದು ಮೊದಲೇ ಹೊಂದ್ಕೋಬೇಕಿತ್ತು ಸಾರ್. ಅಮ್ಮ ದಿನಾ ಒದ್ದೆ ಬಟ್ಟೇಲಿ ಒರೆಸ್ತಿದ್ರು. ಕಿಟಕಿ ಇದ್ದಷ್ಟು ಜಾಗಾನ. ನೀವು ಮುಚ್ಚಿಸಿದಾಗಿಂದ, ಕಣ್ಣು ಹೋದಮೇಲೂ."

ದೀಪ ಹಿಡಿದ ಕೈ ಅಲ್ಲೇ ನಿಂತಿತು. ಏನು ಹೇಳುತ್ತಾರೋ ಎಂದು ನಾನು ಕಾದೆ. ಒಂದು ಮಾತು, ಆಕೆಯ ಹೆಸರಾದರೂ ಸರಿ. ಅವರು ಗೋಡೆಯ ಹತ್ತಿರ ಹೋದರು. ಬೆರಳಿನಿಂದ ಮಸಿ ಉಜ್ಜಿ ತೆಗೆದು, ಕೆಳಗಿನ ಗಾರೆ ಮುಟ್ಟಿ, ಆ ಬೆರಳನ್ನು ಮೂಗಿಗೆ ಹಿಡಿದರು.

"ಹಾಗಾದ್ರೆ ಸುಣ್ಣ ಚೆನ್ನಾಗೇ ಬೆಂದಿತ್ತು ಅನ್ನು," ಎಂದರು.